ಆರೈಕೆ ಮಾಡುವವನೇ ಮಲಗಿದರೆ ಕುದುರೆಯ ಗತಿಯೇನು?

ಮೈಸೂರು ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಸಾಗುವ ಪ್ರತಿಯೊಂದು ಟಾಂಗಾದ ಹಿಂದೆಯೂ ಒಂದು ಲೆಕ್ಕವಿದೆ. ಅಂದಿನ ದುಡಿಮೆಯ ಮೊದಲ ಪಾಲು ಕುದುರೆಯ ಹುಲ್ಲು, ಹುರುಳಿ, ಬೂಸಾಗಳಿಗೆ, ಉಳಿದದ್ದು ಮನೆಗೆ. ಗಾಡಿ ಓಡಿಸುವವನು ಕಾಲು ಮುರಿದುಕೊಂಡೋ ಜ್ವರ ಹಿಡಿದೋ ಮಲಗಿದನೆಂದರೆ ದುಡಿಮೆ ಅಂದೇ ನಿಲ್ಲುತ್ತದೆ, ಕುದುರೆಯ ಹಸಿವು ನಿಲ್ಲುವುದಿಲ್ಲ. ಆಟೋರಿಕ್ಷಾ ಆಗಿದ್ದರೆ ಮನೆಯ ಮುಂದೆ ನಿಲ್ಲಿಸಿ ಬೀಗ ಹಾಕಬಹುದಿತ್ತು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಆಸ್ಪತ್ರೆಯ ವೆಚ್ಚ ತಪ್ಪಿದರೂ ಮೇವಿನ ವೆಚ್ಚ ತಪ್ಪದು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದರೆ ಕೂಡಿಕೊಳ್ಳಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಅಷ್ಟು ಕಾಲ ಕಾಯಲಾಗದೆ ಬ್ಯಾಂಡೇಜು ಕಟ್ಟಿದ ಕಾಲಿನಲ್ಲೇ ಲಾಯಕ್ಕೆ ಇಳಿಯುವವರು ಮೊಂಡುತನಕ್ಕೆ ಹಾಗೆ ಮಾಡುತ್ತಾರೆಂದು ಹೇಳಲಾಗದು.

ಕುದುರೆ ಏಕೆ ಕಾಯಲಾರದು ಎಂಬುದಕ್ಕೆ ಅದರ ಹೊಟ್ಟೆಯ ರಚನೆಯಲ್ಲೇ ಉತ್ತರವಿದೆ. ದೇಹ ಅಷ್ಟು ದೊಡ್ಡದಾದರೂ ಅದರ ಜಠರ ಚಿಕ್ಕದು. ಹಿಡಿಯುವುದು ಸುಮಾರು 8ರಿಂದ 15 ಲೀಟರ್ ಮಾತ್ರ. ಹಸುವಿನಂತೆ ಒಮ್ಮೆ ತುಂಬಿಕೊಂಡು ಬಳಿಕ ಮೆಲುಕು ಹಾಕುವ ಅನುಕೂಲ ಅದಕ್ಕಿಲ್ಲ. ಬಯಲಿನಲ್ಲಿ ಬಿಟ್ಟರೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ. ಮೇವು ಇರಲಿ ಬಿಡಲಿ, ಜಠರದಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ಆದ್ದರಿಂದ ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನಿಂತ ಕುದುರೆಗೆ ಹುಣ್ಣಾಗುತ್ತದೆ. ಹಸಿದಿದೆಯೆಂದು ಒಮ್ಮೆಲೇ ರಾಶಿ ಸುರಿದರೆ ಹೊಟ್ಟೆಶೂಲೆ ಬರಬಹುದು. ಕುದುರೆ ವಾಂತಿ ಮಾಡಲಾರದು. ಉಬ್ಬಿದ ಜಠರ ಒಡೆದು ಸತ್ತದ್ದೂ ಉಂಟು. ಅದು ನೆಲದಲ್ಲಿ ಹೊರಳುತ್ತ, ಹಿಂದೆ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದರೆ ಮನೆಮದ್ದಿಗೆ ಸಮಯವಿಲ್ಲ. ಪಶುವೈದ್ಯರನ್ನು ಕರೆಸಬೇಕು. ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಸೋಮವಾರದ ಕಾಯಿಲೆ

ಮಾಲೀಕ ಮಲಗಿದಾಗ ಮನೆಯವರಿಂದ ಆಗುವ ದೊಡ್ಡ ತಪ್ಪು ಕುದುರೆಯನ್ನು ಉಪವಾಸ ಕೆಡವುವುದಲ್ಲ. ಪ್ರೀತಿಯಿಂದ ಹೆಚ್ಚು ತಿನ್ನಿಸುವುದು. ಗಾಡಿ ಎಳೆಯುವ ದಿನಗಳಲ್ಲಿ ಕೊಡುತ್ತಿದ್ದಷ್ಟೇ ಬೇಯಿಸಿದ ಹುರುಳಿ, ಬೂಸಾಗಳನ್ನು ನಿಂತಲ್ಲೇ ನಿಂತ ಪ್ರಾಣಿಗೂ ಕೊಡುತ್ತಾರೆ. ಕುದುರೆಗಳೇ ಸರಕು ಎಳೆಯುತ್ತಿದ್ದ ಕಾಲದಲ್ಲಿ ಯೂರೋಪಿನ ನಗರಗಳಲ್ಲಿ ಇದರ ಫಲವನ್ನು ಚೆನ್ನಾಗಿ ಬಲ್ಲವರಿದ್ದರು. ಭಾನುವಾರ ಬಿಡುವು, ಹೊಟ್ಟೆತುಂಬ ಕಾಳು; ಸೋಮವಾರ ಬೆಳಿಗ್ಗೆ ಗಾಡಿಗೆ ಹೂಡಿದ ಸ್ವಲ್ಪ ಹೊತ್ತಿಗೇ ಮೈ ಬೆವರಿ, ತೊಡೆ ಸೆಟೆದು ಕುದುರೆ ನಿಂತುಬಿಡುತ್ತಿತ್ತು. ಅದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರಾಯಿತು. ಸ್ನಾಯುಗಳು ಒಡೆದು ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಅತಿಯಾದ ಕಾಳಿನಿಂದ ಗೊರಸಿನೊಳಗೆ ಉರಿಯೂತವಾಗಿ ಕುದುರೆ ಶಾಶ್ವತವಾಗಿ ಕುಂಟಾಗುವುದೂ ಇದೆ.

ಹೀಗಾಗಿ ದುಡಿಮೆ ನಿಂತ ದಿನವೇ ಕಾಳನ್ನು ಗಣನೀಯವಾಗಿ ಇಳಿಸಿ, ಹುಲ್ಲನ್ನು ನಾಲ್ಕೈದು ಸಲ ಹಂಚಿ ಹಾಕಬೇಕು. ನೆರೆಯವರೋ ಮನೆಯ ಹುಡುಗರೋ ಬೆಳಿಗ್ಗೆ ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿದರೆ ಸಾಕು. ನೀರಿನದು ಬೇರೆಯೇ ಸಮಸ್ಯೆ. ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು. ಊರುಗೋಲು ಹಿಡಿದವನು ತುಂಬಿದ ಬಕೆಟ್ ಹೊರುವುದು ಹೇಗೆ? ಲಾಯದವರೆಗೆ ಪೈಪು ಎಳೆದು ತೊಟ್ಟಿ ಇಡುವುದು ಕಾಲು ಮುರಿಯುವ ಮುನ್ನವೇ ಮಾಡಬೇಕಾದ ಕೆಲಸ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ ಕತ್ತರಿಸಲೇಬೇಕು. ಗೊರಸು ಎತ್ತಿ ಚೊಕ್ಕ ಮಾಡುವಾಗ ಕುದುರೆಯ ಕೆಳಗೆ ಬಾಗಬೇಕಾಗುತ್ತದೆ. ತಟ್ಟನೆ ಹಿಂದೆ ಸರಿಯಲಾಗದವನು ಆ ಕೆಲಸವನ್ನು ಲಾಳ ಕಟ್ಟುವವರಿಗೆ ಬಿಡುವುದು ಕ್ಷೇಮ.

ಗಾಯದಿಂದ ಬರುವ ರೋಗ

ಕುದುರೆಯ ಕಣ್ಣುಗಳು ತಲೆಯ ಇಬ್ಬದಿಯಲ್ಲಿರುವುದರಿಂದ ಅದು ಸುತ್ತಲೂ ಬಹುತೇಕ ಎಲ್ಲವನ್ನೂ ಕಾಣುತ್ತದೆ. ಕಾಣದಿರುವುದು ನೇರ ಹಿಂದಿನ ಜಾಗ ಮತ್ತು ಹಣೆಯ ಮುಂದಿನ ಚೂರು ಮಾತ್ರ. ಮಾತನಾಡಿಸದೆ ಹಿಂದಿನಿಂದ ಹೋದವನಿಗೆ ಒದೆತ ಬೀಳುವುದು ಸಿಟ್ಟಿನಿಂದಲ್ಲ, ಬೆದರಿಕೆಯಿಂದ. ಲಗಾಮು ಅಥವಾ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸವೂ ಬೆರಳುಗಳಿಗೆ ಅಪಾಯಕಾರಿ.

ಸಣ್ಣ ತರಚನ್ನೂ ಹಗುರವಾಗಿ ಕಾಣುವಂತಿಲ್ಲ. ಧನುರ್ವಾಯುವಿನ ಸೂಕ್ಷ್ಮಾಣುಗಳು ಕುದುರೆಯ ಕರುಳಿನಲ್ಲಿ, ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತವೆ. ಮನುಷ್ಯನಿಗೆ ಹತ್ತು ವರ್ಷಕ್ಕೊಮ್ಮೆ ಲಸಿಕೆ ಬೇಕು. ಕೊಳಕು ಗಾಯವಾಗಿ ಹಿಂದಿನ ಲಸಿಕೆಗೆ ಐದು ವರ್ಷ ಮೀರಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಬೇಕು. ಈ ರೋಗಕ್ಕೆ ಕುದುರೆ ನಮಗಿಂತಲೂ ಬೇಗ ತುತ್ತಾಗುವುದರಿಂದ ಅದಕ್ಕೂ ಲಸಿಕೆ ಹಾಕಿಸಬೇಕು.

ಇದಕ್ಕಿಂತ ಭಯಂಕರವಾದದ್ದು ಗ್ಲ್ಯಾಂಡರ್ಸ್. ಮೂಗಿನಲ್ಲಿ ಕೀವಿನಂತಹ ಸುರಿತ, ಜ್ವರ, ಚರ್ಮದಡಿ ಗಂಟುಗಳು ಇದರ ಲಕ್ಷಣ. ಸುರಿತ ಗಾಯಕ್ಕೆ ತಾಗಿದರೆ ಮನುಷ್ಯನಿಗೂ ಅಂಟುತ್ತದೆ. ಇದಕ್ಕೆ ಲಸಿಕೆಯಿಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಂತಹ ಪ್ರಯೋಗಾಲಯದಲ್ಲಿ ರೋಗ ದೃಢಪಟ್ಟರೆ ಕುದುರೆಯನ್ನು ನೋವಿಲ್ಲದಂತೆ ಕೊಲ್ಲುವುದೊಂದೇ ದಾರಿ. ಆ ಭಯಕ್ಕೆ ರೋಗವನ್ನು ಮುಚ್ಚಿಡುವವರಿರಬಹುದು. ಆದರೆ ಮುಚ್ಚಿಟ್ಟವನೇ ಮೊದಲು ಅಪಾಯಕ್ಕೆ ಸಿಲುಕುತ್ತಾನೆ. ಇನ್ನು ಉಬ್ಬಸ ಇರುವವರಿಗೆ ಒಣಹುಲ್ಲಿನ ದೂಳೇ ಶತ್ರು. ನೀರು ಚಿಮುಕಿಸಿ ಹಾಕಿದರೆ ಇಬ್ಬರ ಶ್ವಾಸಕೋಶಕ್ಕೂ ಹಿತ.

ಕೈಕಾಲಿನ ಶಕ್ತಿ ಪೂರ್ತಿ ಮರಳದಿದ್ದರೂ ಕುದುರೆಯೊಡನೆ ಬಾಳಬಹುದು ಎಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ನಿದರ್ಶನ. 1944ರಲ್ಲಿ ಪೋಲಿಯೊ ತಗುಲಿ ಅವರ ಮೊಣಕಾಲಿನ ಕೆಳಭಾಗ ನಿಶ್ಚಲವಾಯಿತು. ಕುದುರೆ ಏರಲು ಇಳಿಯಲು ಇತರರ ನೆರವು ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯನ್ನೇರಿ, ಪುರುಷರೊಡನೆ ಸ್ಪರ್ಧಿಸಿ ಡ್ರೆಸಾಜ್‌ನಲ್ಲಿ ಬೆಳ್ಳಿ ಪದಕ ಪಡೆದರು, 1956ರಲ್ಲಿ ಮತ್ತೊಮ್ಮೆ. ನೆರವಿನ ಕೈಗಳಿದ್ದವು, ಪಳಗಿದ ಕುದುರೆಯಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು.

ಟಾಂಗಾದವನು ಮತ್ತೆ ಗಾಡಿ ಹೂಡುವ ದಿನ ದುರ್ಬಲನಾಗಿರುವವನು ಅವನೊಬ್ಬನೇ ಅಲ್ಲ. ತಿಂಗಳುಗಟ್ಟಲೆ ನಿಂತ ಕುದುರೆಯ ಸ್ನಾಯುಗಳೂ ಸಡಿಲವಾಗಿರುತ್ತವೆ, ಹೆಗಲ ಚರ್ಮ ಮೆತ್ತಗಾಗಿ ಪಟ್ಟಿ ಉಜ್ಜಿದಲ್ಲಿ ಹುಣ್ಣಾಗುತ್ತದೆ. ಮೊದಲ ವಾರ ಖಾಲಿ ಗಾಡಿ, ಬೆಳಗಿನ ತಂಪಿನಲ್ಲಿ, ನಡಿಗೆಯ ವೇಗದಲ್ಲಿ. ಎರಡನೆಯ ವಾರ ಒಬ್ಬಿಬ್ಬರು ಸವಾರಿ. ಕಾಳನ್ನು ಹೆಚ್ಚಿಸುವುದು ಆ ನಂತರವೇ.