ರೈಲಿನಲ್ಲಿ ಬಂದ ನೀಲಿ ಜೇಡ

ನಮ್ಮ ತುರುವನೂರಿನಿಂದ ಪೂರ್ವಕ್ಕೆ ಚಳ್ಳಕೆರೆ ದಾಟಿದರೆ ಆಂಧ್ರದ ಗಡಿ. ಅದರಾಚೆ ಅನಂತಪುರ ಜಿಲ್ಲೆಯ ಗುತ್ತಿ. ನಮಗೆ ಅದು ಕೋಟೆಯ ಊರು, ರೈಲು ಜಂಕ್ಷನ್ನಿನ ಊರು. ಜೇಡದ ಹುಚ್ಚಿರುವವರು ಮಾತ್ರ ಆ ಹೆಸರು ಕೇಳಿದೊಡನೆ ಕಡುನೀಲಿ ಟಾರಂಟುಲಾ ಎಂಬ ರೋಮದ ದೊಡ್ಡ ಜೇಡವನ್ನು ನೆನೆಯುತ್ತಾರೆ. ಗುತ್ತಿಯ ರೈಲ್ವೆ ಯಾರ್ಡಿನಲ್ಲಿ ಪೇರಿಸಿದ್ದ ಮರದ ನಡುವೆ ಸಿಕ್ಕ ಒಂದೇ ಒಂದು ಹೆಣ್ಣು ಜೇಡವನ್ನು ನೋಡಿ, 1899ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುಳಿವೇ ಇಲ್ಲ.

2001ರಲ್ಲಿ ಮತ್ತೆ ಕಂಡದ್ದು ನಂದ್ಯಾಲ, ಗಿದ್ದಲೂರು ನಡುವಿನ ಎಲೆಯುದುರುವ ಕಾಡಿನಲ್ಲಿ. ಮೊದಲ ಹೆಣ್ಣು ಕಡಿದ ಮರದೊಳಗೆ ಕೂತು ರೈಲಿನಲ್ಲಿ ಬಂದಿರಬೇಕು ಎಂಬುದು ಸಂಶೋಧಕರ ಊಹೆ. ಟಿಕೆಟ್ಟಿಲ್ಲದೆ ಬಂದವಳು ಇಳಿದ ಊರೇ ಅವಳ ಜಾತಿಯ ಸಾಮಾನ್ಯ ಹೆಸರಿಗೆ ಅಂಟಿಕೊಂಡಿತು!

ಮನೆಮೂಲೆಯ ಜೇಡದ ವಿಷದ ಕೊಂಡಿಗಳು ಅಡ್ಡಡ್ಡ ಕೂಡುತ್ತವೆ. ಟಾರಂಟುಲಾಗಳ ಕೊಂಡಿಗಳು ಜೋಡಿ ಗುದ್ದಲಿಯ ಹಾಗೆ ಮೇಲಿನಿಂದ ಕೆಳಕ್ಕೆ ಬೀಳುತ್ತವೆ. ಗುತ್ತಿಯ ಈ ಜೇಡದ ಮೈಯ ನೀಲಿ ವರ್ಣದ್ರವ್ಯದಿಂದ ಬಂದದ್ದಲ್ಲ, ಬೆಳಕಿನ ಆಟ: ರೋಮಗಳ ಅತಿಸೂಕ್ಷ್ಮ ರಚನೆ ನೀಲಿಯನ್ನಷ್ಟೇ ನಮ್ಮ ಕಣ್ಣಿಗೆ ಮರಳಿಸುತ್ತದೆ. ಮರದ ಪೊಟರೆಗೆ ನೂಲಿನ ಹೊದಿಕೆ ಹಾಕಿಕೊಂಡು ಹಗಲೆಲ್ಲ ಒಳಗಿದ್ದು, ಕತ್ತಲಾದ ಮೇಲೆ ಹುಳುಹುಪ್ಪಟೆ ಹಿಡಿಯುತ್ತದೆ. ಪೊಟರೆಗಳಿಗೆ ಬರ ಬಂದರೆ ಒಂದರಲ್ಲೇ ಹಲವು ಸೇರಿಕೊಂಡು ಬಾಳುವುದೂ ಉಂಟು.

ಪೊಟರೆ ಆಗಲು ಮರ ಮುದಿಯಾಗಬೇಕು. ಸೌದೆಗೆಂದು ಮೊದಲು ಕೊಡಲಿ ಬೀಳುವುದು ಅಂಥ ಮರಕ್ಕೇ. ಈ ಜೇಡದ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ ಎಂಬ ಅಂದಾಜಿತ್ತು. 2008ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಸಾಲದ್ದಕ್ಕೆ ವಿದೇಶದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರ ಶೋಕಿ ಬೇರೆ. 2019ರಲ್ಲಿ ಈ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದ ಕಡಿವಾಣ ಹಾಕಿತು. ತಡವಾಯಿತು ಅನ್ನದೆ ವಿಧಿಯಿಲ್ಲ.

ಇದರ ದಾಯಾದಿ ಪೀಸಿಲೋಥೀರಿಯಾ ಸ್ಟ್ರಯಾಟಾ ಸಾಮಾನ್ಯ ಹೆಸರಿನಲ್ಲಿ ನಮ್ಮ ಮೈಸೂರನ್ನು ಹೊತ್ತದ್ದು. 1895ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದವರೂ ಪೊಕಾಕ್ ಅವರೇ. ಅದಕ್ಕೂ ಪೊಟರೆಯೇ ಮನೆ.

ಹಾಗಾಗಿ ನಮ್ಮ ಕಡೆಯೂ, ಜೋಗಿಮಟ್ಟಿ ಬೆಟ್ಟದ ತಪ್ಪಲಿರಲಿ, ಹೊಲದ ಬದುವಿರಲಿ, ಪೊಟರೆಬಿದ್ದ ಮುದಿ ಮರ ಉಳಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಅದರಲ್ಲಿ ರೋಮದ ದೊಡ್ಡ ಜೇಡ ಕಂಡರೆ ಸೀಮೆಎಣ್ಣೆ ಸುರಿಯಬೇಡಿ, ಬರಿಗೈ ಹಾಕಬೇಡಿ. ಕಚ್ಚಿದರೆ ಉರಿ, ಸ್ನಾಯು ಸೆಳೆತ ಜೋರಾಗಿಯೇ ಇರುತ್ತದೆ. ದೂರದಿಂದ ಒಂದು ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.