ಹೊರಡುವ ಹಕ್ಕಿಗಳನ್ನು ಓಡಿಸಬೇಡಿ

ಫೆಬ್ರವರಿ ಮುಗಿದು ಮಾರ್ಚ್ ಬರುವಾಗ ನಮ್ಮ ಕಡಲ ಕರೆಯಲ್ಲಿ ಒಂದು ದೊಡ್ಡ ಪ್ರಯಾಣದ ತಯಾರಿ ನಡೆಯುತ್ತಿರುತ್ತದೆ. ಚಳಿಗಾಲ ಕಳೆಯಲು ಬಂದ ಹಕ್ಕಿಗಳು ಊರಿಗೆ ಹೊರಡುವ ಕಾಲ ಇದು. ಗಲ್ಫಿನಿಂದ ರಜೆಯಲ್ಲಿ ಬಂದವರು ವಾಪಸು ಹೋಗುವ ವಾರ ಮನೆ ಹೇಗಿರುತ್ತದೆ, ಹಾಗೆಯೇ.

ಮೊನ್ನೆ ರಜೆಯ ಬೆಳಿಗ್ಗೆ ನಾವು ಕೆಲವು ಉಸ್ತಾದರು, ಹೆತ್ತವರು, ಮಕ್ಕಳು ಸೇರಿ ಮಂಗಳೂರಿನ ಹಳೆ ಬಂದರಿನಿಂದ ದೋಣಿ ಹತ್ತಿ ಬೆಂಗರೆಗೆ ಹೋದೆವು. ಒಂದು ಕಡೆ ಫಲ್ಗುಣಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ತುದಿಯಲ್ಲಿ ನೇತ್ರಾವತಿಯೂ ಬಂದು ಕೂಡುವ ಅಳಿವೆ. ಹಕ್ಕಿ ನೋಡಲು ನೀರಿಳಿತದ ಹೊತ್ತೇ ಒಳ್ಳೆಯದು. ಕೆಸರು, ಮರಳು ಬಯಲಾದಾಗ ಅದರೊಳಗಿನ ಹುಳ, ಸಣ್ಣ ಏಡಿಗಳೇ ಅವುಗಳಿಗೆ ಊಟ.

ಮೀನಿನ ದೋಣಿಗಳ ಹಿಂದೆ ಹಾರುವ ಬಿಳಿ ಹಕ್ಕಿಗಳನ್ನು ನಾವೆಲ್ಲ ಕಂಡವರೇ. ಅವುಗಳಲ್ಲಿ ಕಂದು ತಲೆಯ ಕಡಲಕ್ಕಿ ಎಂಬುದುಂಟು. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ಈಗ ನೋಡಿದರೆ ತಲೆಗೆ ಕಂದು ಟೋಪಿ ಹಾಕಿದ ಹಾಗೆ ಕಾಣ್ತದೆ. ಮರಿ ಮಾಡುವ ಕಾಲ ಬಂತು ಎಂಬುದರ ಗುರುತು ಅದು. ಇವು ಮರಿ ಮಾಡುವುದು ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಇಲ್ಲಿಂದ ಲಡಾಖಿಗೇ 2,000 ಕಿ.ಮೀ.ಗೂ ಹೆಚ್ಚು ದೂರ.

ಮರಳಲ್ಲಿ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವ ಚಿಕ್ಕ ಹಕ್ಕಿ ಮರಳು ಗೊರವ. ಅದರ ಎದೆಗೂ ಈಗ ಕೆಂಪು ಬಣ್ಣ ಏರುತ್ತದೆ. ಕರ್ಲ್ಯೂ ಹಕ್ಕಿಯ ಕೊಕ್ಕು ಉದ್ದ, ಕೆಳಕ್ಕೆ ಬಾಗಿದ್ದು. ಆಳದ ಹುಳವೂ ಅದಕ್ಕೆ ಸಿಗುತ್ತದೆ. ಒಂದೇ ಕೆಸರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು, ಜಗಳ ಕಡಿಮೆ.

ಈಗ ಮುಖ್ಯ ಮಾತು. ಇಷ್ಟು ದೂರ ಹಾರಲು ಬೇಕಾದ ಇಂಧನ ಮೈಯಲ್ಲಿ ಸೇರಿಸಿಟ್ಟ ಕೊಬ್ಬು. ಹಿಂಡು ಕಂಡ ಕೂಡಲೇ ಮಕ್ಕಳು ಕೂಗುತ್ತಾ ಓಡುತ್ತಾರೆ, ದೊಡ್ಡವರು ಮೊಬೈಲ್ ಹಿಡಿದು ನಗುತ್ತಾರೆ. ಒಮ್ಮೆ ಎಬ್ಬಿಸಿದರೆ ತಿನ್ನುವ ಹೊತ್ತೂ ಹೋಯ್ತು, ಕೂಡಿಟ್ಟ ಕೊಬ್ಬೂ ಕರಗಿತು. ನಮಗೆ ಅದು ಎರಡು ನಿಮಿಷದ ವಿಡಿಯೋ, ಅದಕ್ಕೆ ದಾರಿಯ ಬುತ್ತಿ. ಹರಿದ ಬಲೆಯ ತುಂಡು, ಗಾಳದ ನೈಲಾನ್ ದಾರವನ್ನೂ ಮರಳಲ್ಲಿ ಬಿಡಬಾರದು. ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಹಕ್ಕಿಗೆ ಕೈ ಇಲ್ಲವಲ್ಲ.

ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರು ಮಕ್ಕಳಿಗೆ ಹೇಳಿಕೊಡಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು. ಹುಡುಗನಾಗಿದ್ದಾಗ ಹೊಡೆದ ಒಂದು ಗುಬ್ಬಚ್ಚಿಯ ಕತ್ತಿನ ಹಳದಿ ಬಣ್ಣ ಏಕೆಂದು ಕೇಳಿ ಹೋದದ್ದೇ ಅವರ ಕಲಿಕೆಯ ಆರಂಭ. 1976ರಲ್ಲಿ ಪದ್ಮವಿಭೂಷಣ ಬಂತು.

ದುಬಾರಿ ದುರ್ಬೀನು ಬೇಕೇ ಬೇಕು ಅಂತಿಲ್ಲ. ಬೆಳಿಗ್ಗೆ ಬೇಗ ಹೊರಡಿ, ಮಾತು ಕಡಿಮೆ ಮಾಡಿ, ಹಕ್ಕಿಗಳು ತಲೆ ಎತ್ತಿ ನೋಡಿದರೆ ಅಲ್ಲಿಯೇ ನಿಲ್ಲಿ. ಕಂಡದ್ದನ್ನು ಮಕ್ಕಳು ನೋಟ್ ಪುಸ್ತಕದಲ್ಲಿ ಬರೆಯಲಿ. ಇನ್ನು ಕೆಲವೇ ವಾರ ಉಂಟು. ಏಪ್ರಿಲ್ ಕಳೆದರೆ ಹೆಚ್ಚಿನವು ಹೋಗಿರುತ್ತವೆ.