ತಾಟಿನಲ್ಲಿ ಎಲ್ಲ ಇದೆ, ‘ಡಿ’ ಮಾತ್ರ ಬಿಸಿಲಲ್ಲಿದೆ

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಅಂದು ಸಜ್ಜಿ ರೊಟ್ಟಿ ಬಡಿದು, ಮೇಲೆ ಎಳ್ಳು ಉದುರಿಸಿ, ಅಂಗೈಯಿಂದ ಒತ್ತಿ ಹಂಚಿಗೆ ಹಾಕುತ್ತಾರೆ. ಜೊತೆಗೆ ಗಜ್ಜರಿ, ಹಸಿ ಕಡಲೆ, ಅವರೆಕಾಳು, ಬದನೆಕಾಯಿ ಕೂಡಿಸಿದ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಬೆಣ್ಣೆ. ಪೋಷಕಾಂಶಗಳ ಪಟ್ಟಿ ಹಿಡಿದು ಕೂತರೂ ಇದಕ್ಕಿಂತ ಒಳ್ಳೆಯ ಊಟ ಜೋಡಿಸುವುದು ಕಷ್ಟ. ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಗಜ್ಜರಿಯ ಬಣ್ಣವೇ ದೇಹದಲ್ಲಿ ‘ಎ’ ಜೀವಸತ್ವವಾಗುತ್ತದೆ. ಅದು ಮೈಗೆ ಹತ್ತಲು ಬೇಕಾದ ಜಿಡ್ಡು ಬೆಣ್ಣೆಯಲ್ಲಿದೆ.

ಈ ಊಟ ವರ್ಷಕ್ಕೊಂದು ದಿನದ ಹಬ್ಬವಾಗಿ ಉಳಿಯಬಾರದು. ಕೃಷ್ಣಾ, ದೂಧಗಂಗಾ ದಂಡೆಯ ಹೊಲಗಳಲ್ಲಿ ಕಬ್ಬು ಹಬ್ಬಿದಂತೆ ಜೋಳ, ಸಜ್ಜೆ, ಅಗಸಿ, ಗುರೆಳ್ಳುಗಳ ಜಾಗ ಕಿರಿದಾಗಿದೆ. ಹೊಲದಲ್ಲಿ ಬೆಳೆಯದ್ದನ್ನು ಅಂಗಡಿಯಿಂದ ಕೊಂಡಾದರೂ ಅಡುಗೆಮನೆಯಲ್ಲಿ ಉಳಿಸಿಕೊಳ್ಳಬೇಕು.

ದಿನದ ಊಟದಲ್ಲೇ ಇರುವ ಬಲ

ಬಿಳಿಜೋಳದ ರೊಟ್ಟಿ ನಾರು, ಕಬ್ಬಿಣ ಎರಡನ್ನೂ ಕೊಡುತ್ತದೆ. ಆದರೆ ಕಾಳುಕಡಿಗಳ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿದರೆ, ಊಟಕ್ಕೆ ಹಸಿ ಟೊಮೆಟೊ ಇಟ್ಟುಕೊಂಡರೆ ಅದರ ‘ಸಿ’ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಒಂದು ತಾಸು ಬಿಟ್ಟು ಕುಡಿಯುವುದು ಒಳಿತು. ಕೊಲ್ಹಾಪುರದ ಗಾಳಿ ಬೀಸುವ ನಿಪ್ಪಾಣಿಯಲ್ಲಿ ಮಿಸಳ್ ಎಲ್ಲರಿಗೂ ಗೊತ್ತು. ಅದರ ಕೆಂಪು ಎಣ್ಣೆಯನ್ನು ಪಕ್ಕಕ್ಕಿಟ್ಟು, ಮೊಳಕೆ ಬರಿಸಿದ ಮಡಕಿ ಕಾಳನ್ನಷ್ಟೇ ಮನೆಯ ಉಸುಳಿಗೆ ತಂದರೆ ಸಾಕು. ಮೊಳಕೆಯೊಡೆದಾಗ ಕಾಳಿನಲ್ಲಿ ‘ಸಿ’ ಹೆಚ್ಚುತ್ತದೆ, ಕಬ್ಬಿಣವನ್ನು ಹಿಡಿದಿಡುವ ಅಂಶ ತಗ್ಗುತ್ತದೆ. ಅಗಸಿಯನ್ನು ಹುರಿದು ಕುಟ್ಟಿ ಹಿಂಡಿ ಮಾಡುವುದೂ ಜಾಣತನವೇ. ಇಡೀ ಬೀಜ ನುಂಗಿದರೆ ಅದರೊಳಗಿನ ಒಮೆಗಾ-3 ಕೊಬ್ಬು ಅಷ್ಟಾಗಿ ದಕ್ಕದು.

ಮೊಟ್ಟೆ, ಮೀನು ಮುಟ್ಟದ ಮನೆಗಳು ಇಲ್ಲಿ ಬಹಳ. ಅಂಥವರಿಗೆ ಬಿ12 ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದಲೇ. ಮನೆಯ ಹಾಲನ್ನೆಲ್ಲ ಡೇರಿಗೆ ಅಳೆದು, ಮಕ್ಕಳಿಗೂ ಬಸುರಿಗೂ ಕರಿ ಚಹಾ ಉಳಿಸಬಾರದು.

ಊಟ ತುಂಬದ ಜಾಗ

ಇಷ್ಟೆಲ್ಲ ಇದ್ದರೂ ಈ ತಾಟಿನಲ್ಲಿ ‘ಡಿ’ ಜೀವಸತ್ವ ಹೆಚ್ಚುಕಡಿಮೆ ಇಲ್ಲ. ಅದಿಲ್ಲದೆ ಎಳ್ಳು, ಹಾಲಿನ ಕ್ಯಾಲ್ಸಿಯಂ ಪೂರ್ತಿ ಎಲುಬಿಗೆ ಸೇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಸಿಗುವುದು ಸುಮಾರು 40. ‘+ಎಫ್’ ಗುರುತಿನ ಪಾಕೀಟು ಹಾಲಿಗೆ ‘ಎ’ ಮತ್ತು ‘ಡಿ’ ಬೆರೆಸಿರುತ್ತಾರೆ. ಅದರ ಒಂದು ಲೋಟದಲ್ಲಿ 40ರಿಂದ 60 ಯೂನಿಟ್. ಹಿತ್ತಲಿನ ಎಮ್ಮೆಯ ಹಾಲಿನಲ್ಲಿ ಅಷ್ಟೂ ಇಲ್ಲ. ಉಳಿದದ್ದನ್ನು ಚರ್ಮವೇ ಬಿಸಿಲಿನಿಂದ ತಯಾರಿಸಿಕೊಳ್ಳಬೇಕು.

ಎಳೆಬಿಸಿಲೇ ಒಳ್ಳೆಯದೆಂದು ನಾವು ಕೇಳುತ್ತ ಬಂದಿದ್ದೇವೆ. ಆದರೆ ‘ಡಿ’ ಹುಟ್ಟಿಸುವ ಕಿರಣಗಳು ಮುಂಜಾನೆ ನೆಲ ಮುಟ್ಟುವುದು ತೀರ ಕಡಿಮೆ. ನೆನಪಿಡಲು ಸುಲಭದ ಅಳತೆಯೊಂದಿದೆ: ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು. ಚಿಕ್ಕೋಡಿ ಇರುವ ಅಕ್ಷಾಂಶದಲ್ಲಿ ಆ ಹೊತ್ತು ವರ್ಷದ ಎಲ್ಲ ದಿನವೂ ಬರುತ್ತದೆ. ಡಿಸೆಂಬರ್‌ನಲ್ಲಿ ಸುಮಾರು 11ರಿಂದ 2 ಗಂಟೆಯವರೆಗೆ. ಮೇ ತಿಂಗಳಲ್ಲಿ 9.30ಕ್ಕೇ ಶುರು. ಹಾಗಾಗಿ ಬೇಸಿಗೆಯಲ್ಲಿ ನಡುಮಧ್ಯಾಹ್ನದ ಝಳಕ್ಕೆ ಮೈಯೊಡ್ಡುವ ಅಗತ್ಯವೇ ಇಲ್ಲ. ಮುಖ, ಕೈ, ಕಾಲಿಗೆ ಬಿಸಿಲು ತಾಗುವಂತೆ ಇಪ್ಪತ್ತು–ಮೂವತ್ತು ನಿಮಿಷ, ವಾರದಲ್ಲಿ ಹಲವು ದಿನ ಸಾಕು. ಚರ್ಮ ಉರಿಯುವವರೆಗೆ ನಿಲ್ಲಬಾರದು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ; ಆ ಕಿರಣಗಳನ್ನು ಗಾಜು ತಡೆಯುತ್ತದೆ.

ಬಿಸಿಲ ಸೀಮೆಯಲ್ಲೂ ಬಿಸಿಲು ಸಿಗದವರಿದ್ದಾರೆ. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಬಿಗಿಯುತ್ತ ಹಗಲೆಲ್ಲ ಸೂರಿನಡಿ ಕಳೆಯುತ್ತಾರೆ. ಎಣಿಕೆ ತಪ್ಪಿದರೆ ಕೂಲಿ ತಪ್ಪುತ್ತದೆ. ಎದ್ದು ಹೋಗಲು ಬಿಡುವೆಲ್ಲಿ? ಅಥಣಿಯಲ್ಲಿ ನೆರಳಲ್ಲಿ ಕೂತು ಚಪ್ಪಲಿ ಹೊಲಿಯುವವರು, ಅಂಗಡಿ–ಕಚೇರಿಯವರು, ಮನೆಯೊಳಗೇ ಉಳಿದ ವೃದ್ಧರೂ ಇದೇ ಸಾಲಿನವರು. ಸೊಂಟ, ತೊಡೆ, ಎಲುಬಿನ ನೋವು ಬಿಡದೆ ಕಾಡುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. 60,000 ಯೂನಿಟ್‌ನ ಪುಡಿ, ಗುಳಿಗೆಗಳನ್ನು ಅವರು ಹೇಳದೆ ನುಂಗಬಾರದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲಿದೆ, ಈಗ ಮೊಟ್ಟೆಯೂ ಇದೆ. ಅದಕ್ಕೆ ನೆರಳು ಗಿಡ್ಡವಾಗಿರುವ ಹೊತ್ತಿನ ಆಟದ ಅವಧಿಯೊಂದನ್ನು ಸೇರಿಸಲು ಖರ್ಚಿಲ್ಲ. ಕಾಗವಾಡದಿಂದ ನಿಪ್ಪಾಣಿಯವರೆಗೆ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಈ ನೆರಳಿನ ಅಳತೆಯನ್ನು ಮನೆಮನೆಗೆ ಮುಟ್ಟಿಸಲಿ. ಬೀಡಿ ಕೆಲಸ ಕೊಡುವವರು ಹೆಣ್ಣುಮಕ್ಕಳಿಗೆ ಕೂಲಿ ಕಡಿಯದೆ ಅರ್ಧ ತಾಸು ಬಿಡುವು ಕೊಡಲಿ. ರೊಟ್ಟಿ, ಹಿಂಡಿ, ಮೊಸರು ಉಣ್ಣುವ ಈ ಸೀಮೆಯ ಜನರ ಎಲುಬು ಗಟ್ಟಿಯಾಗಲು ಬೇಕಿರುವುದು ಇಷ್ಟೇ.